ಹಬ್ಬದ ಟರ್ಕಿಗೆ ಕೊನೆಯ ಇಪ್ಪತ್ತು ನಿಮಿಷ

ಹಬ್ಬದ ದಿನ ಟರ್ಕಿ ಕೋಳಿ ಒಣಗಿ ಮೇಜಿಗೆ ಬಂದರೆ ತಪ್ಪು ಅಡುಗೆ ಮಾಡಿದವರದ್ದಲ್ಲ. ತಪ್ಪಿನ ಹೆಚ್ಚಿನ ಪಾಲು ಆ ಹಕ್ಕಿಯ ಮೈಕಟ್ಟಿನದ್ದು. ಉಳಿದದ್ದು ಒಂದು ಚಿತ್ರದ್ದು, ಒಂದು ಹಳೆಯ ಅಂಕಿಯದ್ದು. ನಾನು ಪುತ್ತೂರಿನ ಬಂಟರ ಮನೆಯವಳು. ಮದುವೆಯಾಗಿ ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದೆ, ಇಲ್ಲಿನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ಪ್ರತಿ ನವೆಂಬರಿನಲ್ಲಿ ನನ್ನ ಅತ್ತೆಯಂಥ ಎಷ್ಟೋ ಹೆಂಗಸರು ನಸುಕಿನಲ್ಲೇ ಎದ್ದು, ಮಧ್ಯಾಹ್ನದವರೆಗೆ ಓವನ್ ಕಾಯುತ್ತಾರೆ. ಆಮೇಲೆ ಸುತ್ತ ಕೂತವರು ಗುಟುಕು ಗುಟುಕಾಗಿ ನೀರು ಕುಡಿದು ಮಾಂಸ ನುಂಗುವುದನ್ನು ನೋಡುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಆದರೆ ಅಡುಗೆ ಮಾಡಿದವರಿಗೆ ತಿಳಿಯುತ್ತದೆ. ಆ ಸಂಕಟ ತಪ್ಪಿಸಲಿಕ್ಕೆ ದಾರಿ ಇದೆ, ಕೋಳಿ ಬೆಂದು ಹೋದ ಮೇಲೂ ಇದೆ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಈ ಹಬ್ಬದ ಹೆಸರು ಥ್ಯಾಂಕ್ಸ್‌ಗಿವಿಂಗ್. ನವೆಂಬರ್ ತಿಂಗಳ ನಾಲ್ಕನೇ ಗುರುವಾರ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದ ವಲಸಿಗರೂ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರೂ ಸುಗ್ಗಿಯ ಊಟ ಮಾಡಿದರು ಎಂಬುದು ಇದರ ಹಿಂದಿನ ಕಥೆ. ಆ ಊಟದ ಬಗ್ಗೆ ಉಳಿದಿರುವ ಎಡ್ವರ್ಡ್ ವಿನ್ಸ್‌ಲೋನ ಪತ್ರದಲ್ಲಿ ಬೇಟೆಯ ಹಕ್ಕಿಗಳ ಮಾತಿದೆ, ವಾಂಪನೋಗ್ ಜನ ತಂದ ಐದು ಜಿಂಕೆಗಳ ಮಾತಿದೆ, ಟರ್ಕಿಯ ಹೆಸರಿಲ್ಲ. ಟರ್ಕಿಯನ್ನು ಈ ಹಬ್ಬದ ಮೇಜಿನ ನಡುವೆ ತಂದು ಕೂರಿಸಿದವರಲ್ಲಿ ಮುಖ್ಯರು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. 1827ರ ತಮ್ಮ ಕಾದಂಬರಿಯಲ್ಲೇ ಹುರಿದ ಟರ್ಕಿಯಿರುವ ಹಬ್ಬದೂಟವನ್ನು ವರ್ಣಿಸಿದ್ದರು. ಇದು ಇಡೀ ದೇಶದ ಹಬ್ಬವಾಗಬೇಕೆಂದು ವರ್ಷಗಟ್ಟಲೆ ಅಧ್ಯಕ್ಷರಿಗೆ ಪತ್ರ ಬರೆದರು. 1863ರಲ್ಲಿ ಅಬ್ರಹಾಂ ಲಿಂಕನ್ ಘೋಷಣೆ ಹೊರಡಿಸಿದರು. ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. ಕ್ರಿಸ್‌ಮಸ್‌ಗೂ ಅನೇಕ ಮನೆಗಳಲ್ಲಿ ಇದೇ ಕೋಳಿ. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಮಾತ್ರ ಮಾಡುವ ಅಡುಗೆ, ಅದೂ ಮನೆ ತುಂಬ ನೆಂಟರಿರುವಾಗ. ಕೈ ಪಳಗುವುದು ಹೇಗೆ?

ಈಗ ಹಕ್ಕಿಯ ಮೈಕಟ್ಟಿಗೆ ಬರುತ್ತೇನೆ. ಟರ್ಕಿ ನೆಲದ ಮೇಲೆ ದಿನವಿಡೀ ನಡೆಯುವ ಹಕ್ಕಿ. ದುಡಿಯುವ ಕಾಲಿಗೆ, ತೊಡೆಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು ಬೇಕು. ಅದಕ್ಕೇ ಆ ಮಾಂಸ ಕಪ್ಪು. ಅಲ್ಲಿ ಕೊಬ್ಬೂ ಹೆಚ್ಚು, ಸ್ನಾಯುಗಳನ್ನು ಬಿಗಿದಿಡುವ ಕೊಲಾಜನ್ನೂ ಹೆಚ್ಚು. ಬಿಸಿಯಲ್ಲಿ ಹೊತ್ತು ಹೋದಂತೆ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ, ಎಳೆಗಳ ನಡುವೆ ಜಿಗುಟಾಗಿ ನಿಲ್ಲುತ್ತದೆ. ಹಾಗಾಗಿ ತೊಡೆ ಸ್ವಲ್ಪ ಹೆಚ್ಚು ಬೆಂದರೂ ಬಾಯಿಗೆ ಮೆತ್ತಗೇ ಇರುತ್ತದೆ. ಎದೆಯ ಮಾಂಸ ಹಾಗಲ್ಲ. ಅದು ಬಿಳಿ, ಅದರಲ್ಲಿ ಕೊಬ್ಬು ತೀರಾ ಕಡಿಮೆ, ಕೊಲಾಜನ್ನೂ ಕಡಿಮೆ. ಹಸಿ ಮಾಂಸದಲ್ಲಿ ನೂರಕ್ಕೆ ಎಪ್ಪತ್ತೈದರ ಹತ್ತಿರ ನೀರೇ. ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವಾಗ ಮಯೋಸಿನ್ ಎಂಬ ಪ್ರೋಟೀನು ಹೆಪ್ಪುಗಟ್ಟಲು ತೊಡಗುತ್ತದೆ, 66ರಿಂದ ಮೇಲೆ ಆಕ್ಟಿನ್ ಎಂಬುದು. ಒಂದೊಂದು ಹಂತದಲ್ಲೂ ಎಳೆಗಳು ಕುಗ್ಗಿ ಒಳಗಿನ ನೀರನ್ನು ಹೊರಕ್ಕೆ ತಳ್ಳುತ್ತವೆ. ಹೋದ ನೀರಿನ ಜಾಗ ತುಂಬಲು ಎದೆಯಲ್ಲಿ ಕೊಬ್ಬಿಲ್ಲ, ಜೆಲಟಿನ್ನೂ ಇಲ್ಲ. ತೊಡೆ ಹದವಾಗಿ ಬೇಯಬೇಕಾದರೆ 80 ಡಿಗ್ರಿಯ ಆಸುಪಾಸು ಮುಟ್ಟಬೇಕು. ಎದೆ 74 ದಾಟಿದ ಹಾಗೆಲ್ಲ ಒಣಗುತ್ತದೆ. ಎರಡೂ ಇರುವುದು ಒಂದೇ ಎಲುಬಿನ ಗೂಡಿಗೆ ಅಂಟಿಕೊಂಡು, ಒಂದೇ ಓವನ್ನಿನಲ್ಲಿ. ಮೇಲ್ಮುಖವಾಗಿ ಮಲಗಿಸಿದ ಎದೆಗೆ ಶಾಖ ನೇರ ತಾಗುತ್ತದೆ. ತೊಡೆಯ ಸಂದು ಕೆಳಗೆ, ನೆರಳಿನಲ್ಲಿ ಉಳಿಯುತ್ತದೆ.

ಅದರ ಮೇಲೆ ಮನುಷ್ಯ ಇನ್ನೊಂದು ಕೆಲಸ ಮಾಡಿದ. ಇಂದು ಅಮೆರಿಕದ ಅಂಗಡಿಗಳಲ್ಲಿ ಸಿಗುವ ಟರ್ಕಿ ಬಹುಪಾಲು ಬ್ರಾಡ್ ಬ್ರೆಸ್ಟೆಡ್ ವೈಟ್ ಎಂಬ ಒಂದೇ ತಳಿ. ಎದೆ ಮಾಂಸ ಹೆಚ್ಚಲಿ ಎಂದೇ ಆರಿಸಿ ಆರಿಸಿ ಬೆಳೆಸಿದ್ದು; ಎದೆ ಎಷ್ಟು ದೊಡ್ಡದೆಂದರೆ ಗಂಡು ಹೆಣ್ಣು ತಾವಾಗಿ ಕೂಡಲಾರವು, ಕೃತಕ ಗರ್ಭಧಾರಣೆಯೇ ಗತಿ. ನಾನಿರುವ ಮಿನ್ನೆಸೋಟ ಟರ್ಕಿ ಸಾಕುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯ, ವರ್ಷಕ್ಕೆ ಕೋಟಿಗಟ್ಟಲೆ ಹಕ್ಕಿ. ವಿಲ್ಮರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಉದ್ದುದ್ದದ ಸಾಕಣೆ ಕೊಟ್ಟಿಗೆಗಳನ್ನು ನೋಡಿದಾಗಲೆಲ್ಲ ನನಗೆ ಅನಿಸುವುದುಂಟು: ಬೇಗ ಒಣಗುವ ಭಾಗವನ್ನೇ ಹುಡುಕಿ ದೊಡ್ಡದು ಮಾಡಿದ್ದಾರಲ್ಲ, ಅಡುಗೆಯವಳಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೇ?

ಒಂದು ಚಿತ್ರದ ಮಾತು ಹೇಳಿದೆ. ನಾರ್ಮನ್ ರಾಕ್‌ವೆಲ್ ಬರೆದ 'ಫ್ರೀಡಂ ಫ್ರಂ ವಾಂಟ್' 1943ರ ಮಾರ್ಚಿನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಬಂತು. ಬಿಳಿಯ ಮೇಜುಬಟ್ಟೆ, ಸುತ್ತ ನಗುವ ಮುಖಗಳು, ಅಜ್ಜಿ ಇಡೀ ಟರ್ಕಿಯನ್ನು ತಟ್ಟೆಯಲ್ಲಿ ಹಿಡಿದು ಮೇಜಿಗಿಡುತ್ತಿದ್ದಾರೆ, ಹಿಂದೆ ಅಜ್ಜ. ಚಂದದ ಚಿತ್ರವೇ. ಆದರೆ ಹಬ್ಬ ಎಂದರೆ ಇಡೀ ಹಕ್ಕಿ, ಹೊಂಬಣ್ಣದ ಚರ್ಮ, ಎಲ್ಲರ ಕಣ್ಣೆದುರು ಕೊಯ್ಯುವುದು ಎಂಬ ಆಸೆ ಈ ದೇಶದಲ್ಲಿ ಗಟ್ಟಿಯಾಗಿ ನಿಲ್ಲಲು ಅದರ ಪಾಲೂ ಇದೆ. ಎದೆ, ತೊಡೆ ಬೇರೆ ಮಾಡಿ ಬೇಯಿಸಿದರೆ ಅರ್ಧ ಕಷ್ಟ ಕಳೆಯುತ್ತದೆ ಎಂದು ಗೊತ್ತಿದ್ದವರೂ ಹಾಗೆ ಮಾಡುವುದಿಲ್ಲ. ನನ್ನ ಅತ್ತೆಯೂ ಮಾಡುವುದಿಲ್ಲ. "ನನ್ನ ಅಮ್ಮ ಇಡೀ ಹಕ್ಕಿಯನ್ನೇ ಮೇಜಿಗೆ ತರುತ್ತಿದ್ದಳು" ಎನ್ನುತ್ತಾರೆ. ಆ ಮಾತಿಗೆ ಎದುರಾಡುವ ಮನಸ್ಸು ನನಗೆ ಬರುವುದಿಲ್ಲ; ನಮ್ಮೂರಲ್ಲಿ ಅಮ್ಮ ಮಾಡುತ್ತಿದ್ದ ಹಾಗೆಯೇ ಮಾಡಬೇಕು ಎನ್ನುವವರನ್ನು ನೋಡಿಯೇ ನಾನು ಬೆಳೆದದ್ದು.

ಇನ್ನು ಆ ಅಂಕಿ. ಅತ್ತೆಯವರ ಅಡುಗೆ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ ಒಂದು ಚೀಟಿಯಿದೆ: ಟರ್ಕಿ, 180. ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ 82. ಅವರು ಸಂಸಾರ ಹೂಡಿದ ಕಾಲಕ್ಕೆ ಸರ್ಕಾರದ ಕೃಷಿ ಇಲಾಖೆಯೇ ಇಡೀ ಕೋಳಿಗೆ ಆ ಅಂಕಿಯನ್ನು ಹೇಳುತ್ತಿತ್ತು. 2006ರಲ್ಲಿ ಇಲಾಖೆ ಅದನ್ನು 165ಕ್ಕೆ, ಎಂದರೆ 74 ಸೆಲ್ಸಿಯಸ್‌ಗೆ ಇಳಿಸಿತು. ಸಾಲ್ಮೊನೆಲ್ಲಾ ಮುಂತಾದ ರೋಗಾಣು ಸಾಯಲು ಅಷ್ಟು ಸಾಕು. ಆದರೆ ಒಮ್ಮೆ ಕಲಿತ ಭಯ ಸುತ್ತೋಲೆಯಿಂದ ಹೋಗುವುದಿಲ್ಲ. ಮೊಮ್ಮಕ್ಕಳು ಉಣ್ಣುತ್ತಾರೆ, ಒಬ್ಬರಿಗೆ ಹೊಟ್ಟೆ ಕೆಟ್ಟರೂ ತನ್ನ ಹೊಣೆ ಎಂದುಕೊಂಡವರು ಇನ್ನೊಂದು ಅರ್ಧ ಗಂಟೆ ಇರಲಿ ಎಂದೇ ಇಡುತ್ತಾರೆ. ಆಸ್ಪತ್ರೆಯಲ್ಲಿ ದಿನವೂ ಥರ್ಮಾಮೀಟರ್ ಹಿಡಿದು ಅಂಕಿ ಬರೆದಿಡುವ ನನಗೆ ಆ ಭಯದ ಬೆಲೆ ಗೊತ್ತು. ಒಣಗಿದ ಟರ್ಕಿಯ ಹಿಂದಿರುವುದು ಅಸಡ್ಡೆಯಲ್ಲ, ಅತಿಯಾದ ಜಾಗ್ರತೆ. ಕೆಲವು ಟರ್ಕಿಗಳ ಎದೆಗೆ ಕಂಪನಿಯವರೇ ಚುಚ್ಚಿ ಕಳಿಸುವ, ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಗುಂಡಿಯನ್ನು ನಂಬಿದವರಿಗೂ ಇದೇ ಪಾಡು. ಅದು ಎದ್ದು ನಿಲ್ಲುವ ಹೊತ್ತಿಗೆ ಎದೆ ಎಷ್ಟೋ ಸಲ 165 ದಾಟಿ ಮುಂದೆ ಹೋಗಿರುತ್ತದೆ.

ನನ್ನ ಮಟ್ಟಿಗೆ ಇದು ಬರೀ ರುಚಿಯ ಮಾತಾಗಿ ಉಳಿಯದಿರಲು ಒಂದು ಕಾರಣವಿದೆ. ಮಾವನವರಿಗೆ ಪಾರ್ಶ್ವವಾಯು ಆದಮೇಲೆ ನುಂಗುವುದು ಕಷ್ಟವಾಯಿತು. ಅಂಥವರಿಗೆ ಒಣ ಮಾಂಸ ಅಪಾಯ. ಅಗಿದರೂ ಉಂಡೆಯಾಗಿ ಕೂಡಿಬರುವುದಿಲ್ಲ, ಚೂರುಚೂರಾಗಿ ಗಂಟಲಲ್ಲಿ ಚೆದುರುತ್ತದೆ, ಶ್ವಾಸನಾಳಕ್ಕೆ ಜಾರಬಹುದು. ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆ ಮಾಂಸವನ್ನು ಸಣ್ಣಗೆ ಕೊಚ್ಚಿ ಗಟ್ಟಿ ಗ್ರೇವಿಯಲ್ಲಿ ಕಲಸಿಯೇ ಕೊಡುತ್ತೇವೆ. ಯಾರಿಗೆ ಎಷ್ಟು ಮೆತ್ತಗೆ ಎಂಬುದನ್ನು ನುಂಗುವಿಕೆಯ ತಜ್ಞರು ಬರೆದುಕೊಡುತ್ತಾರೆ. ಕಟ್ಟಿದ ಹಲ್ಲಿನ ಅಜ್ಜಿಯಂದಿರು, ಬಾಯಿ ಒಣಗಿಸುವ ಔಷಧಿ ತೆಗೆದುಕೊಳ್ಳುವವರು, ಎರಡು ವರ್ಷದ ಮಕ್ಕಳು, ಹಬ್ಬದ ಮೇಜಿನಲ್ಲಿ ಇವರೆಲ್ಲ ಇರುತ್ತಾರೆ. ದಾಕ್ಷಿಣ್ಯಕ್ಕೆ ನುಂಗುವವರಲ್ಲಿ ಮೊದಲಿಗರೂ ಇವರೇ. ಮಾವನವರು ಹೆಂಡತಿಯ ಮನಸ್ಸು ನೋಯಬಾರದೆಂದು ಎದೆಯ ತುಂಡನ್ನೇ ಕೇಳಿ ಹಾಕಿಸಿಕೊಂಡದ್ದನ್ನು ನೋಡಿದ ವರ್ಷವೇ ನಾನು ಎದ್ದು ಹೋಗಿ, "ಅಮ್ಮಾ, ಈ ಸಲ ಕೊಯ್ಯುವ ಕೆಲಸ ನನಗೆ ಕೊಡಿ, ನೀವು ಕೂತುಕೊಳ್ಳಿ" ಎಂದದ್ದು. ಅವರು ಖುಷಿಯಿಂದಲೇ ಚೂರಿ ಕೊಟ್ಟರು. ಬೆಳಿಗ್ಗೆಯಿಂದ ನಿಂತಿದ್ದವರಿಗೆ ಕೂರಲು ಒಂದು ಕಾರಣ ಬೇಕಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಇಡೀ ಹಕ್ಕಿ ಮೇಜಿಗೆ ಬರುತ್ತದೆ, ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಆಮೇಲೆ ಅದು ಒಳಗೆ ಹೋಗುತ್ತದೆ. ಮುಂದಿನ ಇಪ್ಪತ್ತು ನಿಮಿಷ ಕೊಯ್ಯುವವಳದ್ದು.

ಮೊದಲು ಸಾರು. ಟರ್ಕಿಯ ಹೊಟ್ಟೆಯೊಳಗೆ ಕುತ್ತಿಗೆಯ ತುಂಡನ್ನೂ ಒಳಾಂಗಗಳನ್ನೂ ಪೊಟ್ಟಣ ಕಟ್ಟಿ ಇಟ್ಟಿರುತ್ತಾರೆ. ಬೆಳಿಗ್ಗೆ ಅದನ್ನು ಬಿಚ್ಚಿದೊಡನೆ ನಾನು ಕುತ್ತಿಗೆಯನ್ನು ಈರುಳ್ಳಿ, ಕ್ಯಾರೆಟ್, ಸೆಲರಿ, ಕರಿಮೆಣಸಿನ ಜತೆ ಸಣ್ಣ ಉರಿಯಲ್ಲಿ ಕುದಿಯಲು ಇಡುತ್ತೇನೆ. ಮುಂಚಿನ ದಿನವೇ ನಾಲ್ಕು ರೆಕ್ಕೆ ತಂದು ಸಾರು ತೆಗೆದಿಟ್ಟರೆ ಇನ್ನೂ ಒಳ್ಳೆಯದು. ರೆಕ್ಕೆಯಲ್ಲಿ ಜೆಲಟಿನ್ ಹೇರಳ. ಡಬ್ಬಿಯ ಸಾರೂ ಆಗುತ್ತದೆ, ಆದರೆ ಅದು ನೀರುನೀರು. ಅದಕ್ಕೆ ಒಂದು ಚಮಚ ಜೆಲಟಿನ್ ಪುಡಿ ಕರಗಿಸಿದರೆ ಮೈ ಬರುತ್ತದೆ.

ಆಮೇಲೆ ಚೂರಿ. ಎದೆಯ ಮಾಂಸವನ್ನು ಹಕ್ಕಿಯ ಮೇಲೇ ಉದ್ದುದ್ದ ಹೆರೆಯುವುದು ಹೆಚ್ಚಿನ ಮನೆಗಳಲ್ಲಿ ರೂಢಿ. ಹಾಗೆ ಕೊಯ್ದಾಗ ಮಾಂಸದ ಎಳೆ ಉದ್ದಕ್ಕೇ ಉಳಿಯುತ್ತದೆ, ಒಣಗಿದ್ದರೆ ನಾರಾಗಿ ಹಲ್ಲಿಗೆ ಸಿಗುತ್ತದೆ. ಎದೆಮೂಳೆಯ ಪಕ್ಕದಲ್ಲೇ ಚೂರಿ ಇಳಿಸಿ, ಪಕ್ಕೆಲುಬನ್ನು ಸವರಿಕೊಂಡು, ಒಂದು ಬದಿಯ ಎದೆಯನ್ನು ಇಡಿಯಾಗಿ ಬಿಡಿಸಬೇಕು. ಹಲಗೆಯ ಮೇಲಿಟ್ಟು ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು. ಎಳೆ ಗಿಡ್ಡವಾದರೆ ಹಲ್ಲಿನ ಅರ್ಧ ಕೆಲಸ ಚೂರಿಯೇ ಮಾಡಿದಂತಾಯಿತು.

ಕೊಯ್ದ ಹೋಳುಗಳನ್ನು ಅಗಲ ಪಾತ್ರೆಯಲ್ಲಿ ಹರಡಿ, ಬೆಣ್ಣೆ ಕರಗಿಸಿದ, ಉಪ್ಪು ಹದವಾಗಿರುವ ಬಿಸಿ ಸಾರನ್ನು ಅರ್ಧ ಮುಳುಗುವಷ್ಟು ಹೊಯ್ದು, ಅಲ್ಯೂಮಿನಿಯಂ ಹಾಳೆ ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಸಾರು ಬಿಸಿಯಿರಬೇಕು, ಕುದಿಯಬಾರದು. ಕುದಿದರೆ ಮಾಂಸ ಇನ್ನಷ್ಟು ಬಿಗಿಯುತ್ತದೆ. ಈ ಕ್ರಮ ನನ್ನದಲ್ಲ, ಆಸ್ಪತ್ರೆಯದ್ದು. ನೂರಾರು ಜನಕ್ಕೆ ಬಡಿಸುವಲ್ಲಿ ಕೊಯ್ದ ಮಾಂಸವನ್ನು ಬಿಸಿಯಾಗಿಯೂ ಮೆತ್ತಗೂ ಇಡಲು ಸಾರಿನ ಪಾತ್ರೆ ಬಿಟ್ಟರೆ ಬೇರೆ ದಾರಿಯಿಲ್ಲ. ಎಳೆಯಿಂದ ಒಮ್ಮೆ ಹಿಂಡಿಹೋದ ನೀರು ಎಳೆಯೊಳಗೆ ಮರಳಿ ಹೋಗುವುದಿಲ್ಲ, ಅದು ನಿಜ. ಆದರೆ ಸಾರು ಎಳೆಗಳ ನಡುವಿನ ಸಂದಿಗಳಲ್ಲಿ ನಿಲ್ಲುತ್ತದೆ. ಬೆಣ್ಣೆ, ಜೆಲಟಿನ್ ನಾಲಗೆಗೆ ಜಾರುತನ ಕೊಡುತ್ತವೆ, ಉಪ್ಪು ಬಾಯಲ್ಲಿ ನೀರೂರಿಸುತ್ತದೆ. ನಾಲಗೆ ರಸ ಎಂದು ಗುರುತಿಸುವುದು ಇವೆಲ್ಲ ಸೇರಿದ್ದನ್ನೇ. ಟರ್ಕಿಯ ಪಕ್ಕದಲ್ಲಿ ಕ್ರ್ಯಾನ್‌ಬೆರಿ ಸಾಸ್ ಬಡಿಸುವ ಪದ್ಧತಿಯಿಂದಲೂ ಇದೇ ಉಪಕಾರ: ಹುಳಿ ಜೊಲ್ಲು ತರಿಸುತ್ತದೆ, ಜೊಲ್ಲು ಮಾಂಸವನ್ನು ನೆನೆಸುತ್ತದೆ. ಗ್ರೇವಿಯನ್ನು ಪುಟ್ಟ ಬಟ್ಟಲಲ್ಲಿ ಒಂದೇ ಕಡೆ ಇಟ್ಟು ಕೈಯಿಂದ ಕೈಗೆ ದಾಟಿಸುವ ಬದಲು ಮೇಜಿನ ಎರಡೂ ತುದಿಗೆ ಒಂದೊಂದು ದೊಡ್ಡ ಪಾತ್ರೆ ಇಟ್ಟರೆ ಜನ ಧಾರಾಳವಾಗಿ ಹಾಕಿಕೊಳ್ಳುತ್ತಾರೆ. ಕೇಳಿ ಪಡೆಯುವುದಕ್ಕೂ ದಾಕ್ಷಿಣ್ಯ ಅಡ್ಡ ಬರುತ್ತದೆ, ಅದೂ ಅಡುಗೆ ಮಾಡಿದವರು ಎದುರಿಗೇ ಕೂತಿರುವಾಗ.

ತೊಡೆಯ ಮಾಂಸ ಬೇರೆ ತಟ್ಟೆಯಲ್ಲಿ, ಮೊದಲು ಹಿರಿಯರ ಕಡೆಗೆ. ಮಾವನವರ ಪಾಲನ್ನು ಅಡುಗೆಮನೆಯಲ್ಲೇ ಕೊಚ್ಚಿ ಗ್ರೇವಿಯಲ್ಲಿ ಕಲಸಿ, ಎಲ್ಲರ ತಟ್ಟೆಯಂಥದ್ದೇ ತಟ್ಟೆಯಲ್ಲಿ ಆಲೂಗಡ್ಡೆಯ ಪಕ್ಕ ಇಟ್ಟು ತರುತ್ತೇನೆ. ಅವರದ್ದು ರೋಗಿಯ ಊಟ ಎಂದು ಯಾರಿಗೂ ಕಾಣಬಾರದು.

ಮಾತಿನ ಬಗ್ಗೆಯೂ ಒಂದಷ್ಟು ಹೇಳಬೇಕು. ಈ ಕೆಲಸವೆಲ್ಲ ಟೀಕೆಯಾಗಿ ಕಂಡರೆ ಮಾಡಿಯೂ ವ್ಯರ್ಥ. ಸಾರು ಹೊಯ್ಯುವಾಗ "ಒಣಗಿದೆ, ಅದಕ್ಕೆ" ಎನ್ನಬಾರದು. "ಬಿಸಿ ಆರದಿರಲಿ ಅಂತ" ಎಂದರೆ ಸಾಕು, ಅದೂ ನಿಜವೇ. ಥರ್ಮಾಮೀಟರನ್ನು ಹಬ್ಬದ ದಿನ ಬೆಳಿಗ್ಗೆ ಉಡುಗೊರೆ ಕೊಡಬೇಡಿ, ಜೂನ್‌ನಲ್ಲಿ ಹುಟ್ಟಿದ ದಿನಕ್ಕೆ ಕೊಡಿ. ನಾನು ಅತ್ತೆಗೆ ಹಾಗೆಯೇ ಕೊಟ್ಟೆ. ಮೊದಲು ಬ್ರೆಡ್ಡಿಗೆ ಚುಚ್ಚಿ ನೋಡಿ ಖುಷಿಪಟ್ಟರು, ನವೆಂಬರಿಗೆ ತಾವಾಗಿ ಟರ್ಕಿಗೆ ಚುಚ್ಚಿದರು. ಕಪಾಟಿನ ಚೀಟಿ ಇನ್ನೂ ಅಲ್ಲೇ ಇದೆ. 180ರ ಕೆಳಗೆ ಪೆನ್ಸಿಲ್ಲಿನಲ್ಲಿ 165 ಎಂದು ಅವರೇ ಬರೆದುಕೊಂಡಿದ್ದಾರೆ.

ಇಲ್ಲಿಗೆ ಬಂದ ಎಷ್ಟೋ ಕನ್ನಡದ ಮನೆಗಳಲ್ಲಿ ಮಕ್ಕಳ ಆಸೆಗೆಂದು ಮೊದಲ ಸಲ ಟರ್ಕಿ ತರುತ್ತಾರೆ, ನನಗೆ ಫೋನು ಬರುತ್ತದೆ. ಅವರಿಗೆ ಹೇಳುವುದು ಇಷ್ಟು. ಹೆಪ್ಪುಗಟ್ಟಿದ ಹಕ್ಕಿಯನ್ನು ಫ್ರಿಜ್ಜಿನಲ್ಲೇ ಕರಗಿಸಿ; ನಾಲ್ಕೈದು ಪೌಂಡಿಗೆ ಒಂದು ಪೂರ್ತಿ ದಿನ ಬೇಕು, 15 ಪೌಂಡಿನ ಹಕ್ಕಿಯನ್ನು ಭಾನುವಾರವೇ ಇಳಿಸಿರಬೇಕು. ಹೊಟ್ಟೆಯೊಳಗೆ ಮಂಜು ಉಳಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಣಗುತ್ತದೆ. ಹೊಟ್ಟೆಗೆ ಸ್ಟಫಿಂಗ್ ತುಂಬಬೇಡಿ. ಅದೂ 165 ಮುಟ್ಟಬೇಕು, ಅದನ್ನು ಕಾಯುತ್ತ ಎದೆ ಕೆಡುತ್ತದೆ. ಓವನ್ ಬಾಗಿಲು ತೆಗೆದು ತೆಗೆದು ರಸ ಸುರಿದರೆ ಮಾಂಸದೊಳಗೆ ಹೋಗುವುದಿಲ್ಲ, ಶಾಖ ಮಾತ್ರ ಹೊರಗೆ ಹೋಗುತ್ತದೆ. ಮೊದಲೇ ಉಪ್ಪು ಹಚ್ಚಿ. ಉಪ್ಪುನೀರಿನಲ್ಲಿ ಮುಳುಗಿಸಿಡುವ ಪದ್ಧತಿಯನ್ನು ಆಲ್ಟನ್ ಬ್ರೌನ್ 1999ರ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಮನೆಮನೆಗೆ ಮುಟ್ಟಿಸಿದರು. ನನಗೆ ಮೆಚ್ಚಾದದ್ದು ಒಣ ಉಪ್ಪಿನ ಕ್ರಮ: ಸ್ಯಾನ್ ಫ್ರಾನ್ಸಿಸ್ಕೋದ ಜೂನಿ ಕಫೆಯ ಜೂಡಿ ರಾಜರ್ಸ್ ಕೋಳಿಗೆ ಮಾಡುತ್ತಿದ್ದುದು, 2006ರಲ್ಲಿ ರಸ್ ಪಾರ್ಸನ್ಸ್ ಎಂಬ ಪತ್ರಕರ್ತ ಟರ್ಕಿಗೂ ಮಾಡಿ ತೋರಿಸಿದರು. ಐದು ಪೌಂಡಿಗೆ ಒಂದು ದೊಡ್ಡ ಚಮಚ ಕೋಶರ್ ಉಪ್ಪು ಸವರಿ ಮೂರು ದಿನ ಫ್ರಿಜ್ಜಿನಲ್ಲಿಡುವುದು. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆ ನೀರಿನಲ್ಲೇ ಕರಗಿ ಒಳಗಿಳಿಯುತ್ತದೆ, ಪ್ರೋಟೀನನ್ನು ಸಡಿಲ ಮಾಡುತ್ತದೆ. ಆಮೇಲೆ ಬಿಸಿಯಲ್ಲಿ ಎಳೆ ಅಷ್ಟು ಬಿಗಿಯಾಗಿ ಹಿಂಡಿಕೊಳ್ಳುವುದಿಲ್ಲ. ಆದರೆ ಹಕ್ಕಿಯ ಪೊಟ್ಟಣದ ಮೇಲಿನ ಚೀಟಿ ಓದಿ. ಅಂಗಡಿಯ ಎಷ್ಟೋ ಟರ್ಕಿಗಳಿಗೆ ಉಪ್ಪುನೀರನ್ನು ಮೊದಲೇ ಚುಚ್ಚಿರುತ್ತಾರೆ, ಅವಕ್ಕೆ ಮತ್ತೆ ಉಪ್ಪು ಬೇಡ. ಎದೆಯ ದಪ್ಪ ಭಾಗ 160ರ ಹತ್ತಿರ ಬಂದಾಗ ಹೊರಗೆ ತೆಗೆದರೆ, ಒಳಗಿನ ಶಾಖದಲ್ಲಿ ಇನ್ನೂ ಏರುತ್ತದೆ. 165 ಆಯಿತೇ ಎಂದು ನೋಡಿಯೇ ಕೊಯ್ಯಿರಿ. ಇಡೀ ಹಕ್ಕಿಯ ಮೋಹ ಇಲ್ಲದವರು ಬೆನ್ನೆಲುಬು ಕತ್ತರಿಸಿ ತೆಗೆದು ಚಪ್ಪಟೆ ಮಾಡಿ ಬೇಯಿಸಿ; ತೊಡೆಗೂ ಎದೆಗೂ ಶಾಖ ಸಮನಾಗಿ ತಾಗುತ್ತದೆ, ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಉಳಿದ ಮಾಂಸವನ್ನು ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಟರ್ಕಿಯ ಕೊಬ್ಬು ಬೇಗ ಗಾಳಿಗೆ ಕೆಡುವ ಜಾತಿಯದ್ದು. ಮರುದಿನ ಬಿಸಿ ಮಾಡಿದಾಗ ಬರುವ ಒಂಥರಾ ಹಳಸಲು ವಾಸನೆ ಅದರಿಂದಲೇ. ಅದಕ್ಕೆ ಮದ್ದು ಖಾರ, ಹುಳಿ, ತೆಂಗಿನಕಾಯಿ. ಮೊದಲ ವರ್ಷ ಫೋನಿನಲ್ಲಿ ಟರ್ಕಿಯ ಕಥೆ ಕೇಳಿ ಪುತ್ತೂರಿನಿಂದ ಅಮ್ಮ, "ಅದಕ್ಕೊಂದು ಗಸಿ ಮಾಡ್ಲಿಕ್ಕೆ ಆಗುದಿಲ್ವಾ ಮಗಾ?" ಎಂದರು. ಆಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಬೆಳ್ಳುಳ್ಳಿ ಹುರಿದು ಕಾಯಿಯೊಂದಿಗೆ ರುಬ್ಬಿ, ಹುಣಸೆ ಬಿಟ್ಟು, ಟರ್ಕಿಯ ಎಲುಬಿನ ಸಾರಿನಲ್ಲೇ ಗಸಿ ಕುದಿಸುತ್ತೇನೆ. ಬೆಂದ ಮಾಂಸವನ್ನು ಬಿಡಿಸಿ ಹಾಕುವುದು ಒಲೆ ಆರಿಸುವಾಗ, ಕೊನೆಗೆ. ಕೋರಿ ರೊಟ್ಟಿ ಇಲ್ಲಿನ ಭಾರತೀಯ ಅಂಗಡಿಯಲ್ಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಊರಿಂದ ಬಂದವರ ಪೆಟ್ಟಿಗೆಯಲ್ಲಿ ಬಂದಿರುತ್ತದೆ. ಒಣ ರೊಟ್ಟಿ ಮುರಿದು, ಬಿಸಿ ಗಸಿ ಹೊಯ್ದು, ನೆನೆಯಲು ಬಿಟ್ಟು ಉಣ್ಣುವ ನಮ್ಮವರಿಗೆ ಒಣಗಿದ ಮಾಂಸಕ್ಕೆ ರಸ ಹೊಯ್ಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅತ್ತೆಯ ಕಡೆಯವರು ಅದೇ ಮಾಂಸಕ್ಕೆ ಮಿನ್ನೆಸೋಟದ ಕಾಡು ಅಕ್ಕಿ ಹಾಕಿ ಕೆನೆಸೂಪು ಮಾಡುತ್ತಾರೆ. ಅದೂ ಬಹಳ ರುಚಿ.

  

ಎಲುಬಿನ ಗೂಡನ್ನು ಎಸೆಯುವ ಮನೆಗಳೇ ಹೆಚ್ಚು, ದಯವಿಟ್ಟು ಎಸೆಯಬೇಡಿ. ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಡಬ್ಬಿಗಳಲ್ಲಿ ತುಂಬಿ ಫ್ರೀಜರಿಗೆ ಹಾಕಿ, ಮೇಲೆ ತಾರೀಕು ಬರೆಯಿರಿ. ನಾಲ್ಕೇ ವಾರಕ್ಕೆ ಕ್ರಿಸ್‌ಮಸ್. ಆಗ ಎದೆ ಮಾಂಸಕ್ಕೆ ಹೊಯ್ಯುವ ಸಾರು ಮೊದಲೇ ತಯಾರಿರುತ್ತದೆ.